ಒಡಹುಟ್ಟಿದವರ ಹಾಡುಗಾರಿಕೆ: ಕರ್ನಾಟಕದಲ್ಲಿ, ಪಶ್ಚಿಮ ಬೆಂಗಳೂರಿನಲ್ಲಿ

ಒಂದೇ ಮನೆಯಲ್ಲಿ ಹುಟ್ಟಿ ಬೆಳೆದ ಅಣ್ಣತಮ್ಮಂದಿರು, ಅಕ್ಕತಂಗಿಯರು ಜೊತೆಗೂಡಿ ಪರಂಪರೆಯ ಹಾಡುಗಳನ್ನು ಹಾಡುವುದು ಜಗತ್ತಿನ ಹಲವಾರು ನಾಡುಗಳಲ್ಲಿ ಕಂಡುಬರುವ ರೂಢಿ. ಕರ್ನಾಟಕದಲ್ಲಿ ಇದು ಬೀಸುವ ಕಲ್ಲಿನ ಮುಂದೆ, ಮದುವೆಯ ಚಪ್ಪರದಲ್ಲಿ, ಅಲೆಮಾರಿ ಕಥೆಗಾರರ ಮೇಳದಲ್ಲಿ, ಶಾಸ್ತ್ರೀಯ ಸಂಗೀತದ ಕಛೇರಿಯಲ್ಲಿ, ಸುಗಮ ಸಂಗೀತದ ವೇದಿಕೆಯಲ್ಲಿ ಬೇರೆ ಬೇರೆ ರೂಪ ತಾಳಿದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳನ್ನೊಳಗೊಂಡ ಪಶ್ಚಿಮ ಬೆಂಗಳೂರಿಗೆ ಈ ರೂಪಗಳಲ್ಲಿ ಹಲವು ಬೇರೆ ಬೇರೆ ದಾರಿಗಳಲ್ಲಿ ಬಂದು ಸೇರಿವೆ. ಒಡಹುಟ್ಟಿದವರ ದನಿ ಒಂದಾಗುವ ಸೊಗಸನ್ನು ಸಾಮಾನ್ಯವಾಗಿ ರಕ್ತಸಂಬಂಧದ ಗುಣವೆಂದು ಹೇಳಿ ಮುಗಿಸಿಬಿಡುತ್ತಾರೆ. ಆದರೆ ಮನೆಯ ಯಾವ ಮಕ್ಕಳು ಯಾರೊಡನೆ ಹಾಡುತ್ತಾರೆ, ಎಷ್ಟು ಕಾಲ ಹಾಡುತ್ತಾರೆ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಎರಡು ಸಂಗತಿಗಳು: ಹಾಡಿನ ಕಟ್ಟಣೆ ಮತ್ತು ಹೆಣ್ಣುಮಕ್ಕಳ ಮದುವೆ.

ದನಿಯ ಹೋಲಿಕೆ

ದನಿಪೆಟ್ಟಿಗೆಯ ಅಳತೆ, ಗಂಟಲು ಮತ್ತು ಬಾಯಿಯ ಆಕಾರ ಇವು ಬಹುಮಟ್ಟಿಗೆ ತಂದೆತಾಯಿಯಿಂದ ಬರುತ್ತವೆ. 2023ರಲ್ಲಿ ಐಸ್‌ಲ್ಯಾಂಡಿನ ವಿಜ್ಞಾನಿಗಳು ಸುಮಾರು 13,000 ಜನರ ಮಾತನ್ನು ಮುದ್ರಿಸಿಕೊಂಡು ಅವರ ವಂಶವಾಹಿಗಳೊಡನೆ ಹೋಲಿಸಿ, ದನಿಯ ಎತ್ತರಕ್ಕೂ ಒಂದು ನಿರ್ದಿಷ್ಟ ವಂಶವಾಹಿಗೂ ಸಂಬಂಧವಿರುವುದನ್ನು ಪ್ರಕಟಿಸಿದರು. ಇಷ್ಟಾದರೂ ಒಟ್ಟಿಗೆ ಹಾಡುವಾಗ ಕೇಳುಗರ ಕಿವಿಗೆ ಮೊದಲು ತಟ್ಟುವುದು ದನಿಯ ಎತ್ತರವಲ್ಲ, ಉಚ್ಚಾರ. ‘ಅ’ಕಾರವನ್ನು ಎಷ್ಟು ತೆರೆಯಬೇಕು, ಸಾಲಿನ ಕೊನೆಯ ಸ್ವರವನ್ನು ಎಲ್ಲಿ ಬಿಡಬೇಕು, ಉಸಿರನ್ನು ಎಲ್ಲಿ ಎಳೆದುಕೊಳ್ಳಬೇಕು ಎಂಬುದೆಲ್ಲ ಒಂದೇ ಅಡುಗೆಮನೆಯ ಮಾತು ಕೇಳಿ ಬೆಳೆದವರಲ್ಲಿ ತಾನಾಗಿಯೇ ಒಂದೇ ಬಗೆಯಾಗಿರುತ್ತದೆ. ಬೇರೆ ಬೇರೆ ಮನೆಯ ಇಬ್ಬರು ಗಾಯಕರು ವರ್ಷಗಟ್ಟಲೆ ಅಭ್ಯಾಸ ಮಾಡಿ ಗಳಿಸಬೇಕಾದದ್ದು ಇವರಿಗೆ ಆಟದ ವಯಸ್ಸಿನಲ್ಲೇ ಸಿಕ್ಕಿರುತ್ತದೆ. ತಮಿಳುನಾಡಿನ ಆಲತ್ತೂರು ಸಹೋದರರು ಹೆಸರಿಗೆ ಸಹೋದರರೇ ಹೊರತು ಒಡಹುಟ್ಟಿದವರಲ್ಲ. ಶ್ರೀನಿವಾಸ ಅಯ್ಯರ್ ಮತ್ತು ಶಿವಸುಬ್ರಹ್ಮಣ್ಯ ಅಯ್ಯರ್ ಒಂದೇ ಗುರುಮನೆಯಲ್ಲಿ ಕಲಿತವರು. ಅವರ ಗಾಯನದ ಒಗ್ಗಟ್ಟು ಕೇಳಿದರೆ, ರಕ್ತಕ್ಕಿಂತ ಒಟ್ಟಿಗೆ ಬೆಳೆದದ್ದೇ ಮುಖ್ಯ ಎಂಬ ಮಾತಿಗೆ ಬೇರೆ ಪುರಾವೆ ಬೇಡ.

ಜಾನಪದದಲ್ಲಿ

ಉತ್ತರ ಕರ್ನಾಟಕದ ಬೀಸುವ ಪದಗಳು ಇಬ್ಬರ ಹಾಡುಗಾರಿಕೆಯ ಬಹು ಹಳೆಯ ಮಾದರಿ. ನಸುಕಿನಲ್ಲಿ ಎದ್ದ ಇಬ್ಬರು ಹೆಂಗಸರು ಬೀಸುಕಲ್ಲಿನ ಎರಡೂ ಬದಿಗೆ ಎದುರುಬದುರಾಗಿ ಕಾಲು ಚಾಚಿ ಕೂರುತ್ತಾರೆ. ಒಂದೇ ಗೂಟವನ್ನು ಇಬ್ಬರ ಕೈಯೂ ಹಿಡಿದಿರುತ್ತದೆ. ಒಬ್ಬಳು ಇನ್ನೊಂದು ಕೈಯಿಂದ ಕಲ್ಲಿನ ಬಾಯಿಗೆ ಹಿಡಿ ಹಿಡಿ ಜೋಳ ಹಾಕುತ್ತಿರುತ್ತಾಳೆ. ಕಲ್ಲಿನ ಸುತ್ತೇ ತಾಳ, ಅದರ ಗರಗರ ಸದ್ದೇ ಶ್ರುತಿ. ಹಾಡಿನ ಛಂದಸ್ಸು ತ್ರಿಪದಿ. ಹಾಡುವಾಗ ಎರಡನೆಯ ಸಾಲನ್ನು ಮರಳಿ ಹಿಡಿಯುವುದರಿಂದ ಮೂರು ಸಾಲು ಕೇಳುವವರಿಗೆ ನಾಲ್ಕಾಗುತ್ತದೆ. ಮರಳಿ ಹಿಡಿಯುವ ಆ ಜಾಗದಲ್ಲಿ ಒಬ್ಬಳು ಉಸಿರು ತೆಗೆದುಕೊಳ್ಳುತ್ತಾಳೆ, ಇನ್ನೊಬ್ಬಳು ಹಾಡು ಕಡಿಯದಂತೆ ಎಳೆದುಕೊಂಡು ಹೋಗುತ್ತಾಳೆ. ಕಲ್ಲು ನಿಲ್ಲುವುದಿಲ್ಲ, ಪದವೂ ನಿಲ್ಲುವುದಿಲ್ಲ.

ಮದುವೆಗೆ ಮುಂಚೆ ಹೀಗೆ ಕೂರುತ್ತಿದ್ದವರು ಅಕ್ಕತಂಗಿಯರು. ಮದುವೆಯಾದ ಮೇಲೆ ಅಕ್ಕ ಒಂದೂರಿಗೆ, ತಂಗಿ ಇನ್ನೊಂದೂರಿಗೆ. ಗಂಡನ ಮನೆಯಲ್ಲಿ ಕಲ್ಲಿನ ಆಚೆ ಬದಿಗೆ ಬಂದು ಕೂರುವವಳು ನೆಗೆಣ್ಣಿ ಅಥವಾ ನಾದಿನಿ. ತವರಿನಲ್ಲಿ ತಂಗಿಯೊಡನೆ ಕಟ್ಟಿದ ಪದ ಹೀಗೆ ಇನ್ನೊಂದು ಮನೆಯ ಹೆಂಗಸಿನ ಬಾಯಿಗೆ ದಾಟುತ್ತದೆ. ನೂರಾರು ತ್ರಿಪದಿಗಳು ಊರಿಂದೂರಿಗೆ ಅಷ್ಟು ದೂರ ಹರಡಿದ್ದಕ್ಕೆ ಒಂದು ಮುಖ್ಯ ಕಾರಣ ಇದೇ ಇರಬೇಕು. ಹಾಡುಗಳ ವಸ್ತುವೂ ಇದಕ್ಕೆ ಒಪ್ಪುವಂಥದ್ದು: ಪಂಚಮಿಗೆ ಕರೆಯಲು ಬರುವ ಅಣ್ಣ, ಬಾರದ ಅಣ್ಣ, ತವರಿನ ಅಂಗಳ, ಅಗಲಿದ ಅಕ್ಕ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿಯ ಗೆಳೆಯರು ಇಂಥ ಪದಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದರು. ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು. ಪದಗಳು ಪುಸ್ತಕದಲ್ಲಿ ಉಳಿದವು. ಇಬ್ಬರು ಉಸಿರು ಹಂಚಿಕೊಂಡು ಹಾಡುವ ಆ ರೀತಿ ಮಾತ್ರ ಅಷ್ಟಾಗಿ ಉಳಿಯಲಿಲ್ಲ.

ಹಳೇ ಮೈಸೂರು ಭಾಗದ ಸೋಬಾನೆ ಪದಗಳಲ್ಲಿ ಕಟ್ಟಣೆ ಬೇರೆ. ಒಬ್ಬಳು ಸೊಲ್ಲು ಎತ್ತಿಕೊಡುತ್ತಾಳೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಇಲ್ಲಿ ಅಕ್ಕತಂಗಿಯರು ಬೇರೆಯಾದರೂ ಹಾಡು ನಿಲ್ಲುವುದಿಲ್ಲ. ನೆರೆಹೊರೆಯವರು ಹಿಮ್ಮೇಳವಾಗುತ್ತಾರೆ. ಮಂಟೇಸ್ವಾಮಿ ಪರಂಪರೆಯ ನೀಲಗಾರರು, ಮಲೆಯ ಮಹದೇಶ್ವರನ ಕಂಸಾಳೆಯವರು ಹಾಡುವುದೂ ಮುಮ್ಮೇಳ ಹಿಮ್ಮೇಳದ ಕ್ರಮದಲ್ಲೇ.

ಒಡಹುಟ್ಟಿದವರ ಜಾನಪದ ಗಾಯನಕ್ಕೆ ಕನ್ನಡದಲ್ಲಿ ಎದ್ದು ಕಾಣುವ ಹೆಸರು ದರೋಜಿ ಈರಮ್ಮನವರದು. ಬಳ್ಳಾರಿ ಸೀಮೆಯ ಸಂಡೂರು ತಾಲ್ಲೂಕಿನ ದರೋಜಿಯ ಈ ಬುರ್ರಕಥೆ ಕಲಾವಿದೆ ಅಲೆಮಾರಿ ಬುಡ್ಗ ಜಂಗಮ ಸಮುದಾಯದವರು. ಅವರ ಮೇಳದಲ್ಲಿದ್ದವರು ತಂಗಿ ಶಿವಮ್ಮ ಮತ್ತು ನಾದಿನಿ ಪಾರ್ವತಮ್ಮ. ಗುಮ್ಮಟೆ ನುಡಿಸುತ್ತ ಈರಮ್ಮ ಕಥೆ ಎತ್ತಿದರೆ ಉಳಿದಿಬ್ಬರು ಅದನ್ನು ಹಿಡಿದು, ಹಾಡಿನ ನಡುವೆ ಪ್ರಶ್ನೆ ಕೇಳಿ, ಹೂಂಗುಟ್ಟಿ ಮುಂದಕ್ಕೆ ನಡೆಸುತ್ತಿದ್ದರು. ಮನೆಮಾತು ತೆಲುಗಾದ ಸಮುದಾಯದ ಈ ಹೆಣ್ಣುಮಗಳ ಬಾಯಲ್ಲಿ ಕನ್ನಡದ ಹತ್ತಕ್ಕೂ ಮಿಕ್ಕ ಜನಪದ ಮಹಾಕಾವ್ಯಗಳಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವುಗಳಲ್ಲಿ ಕೆಲವನ್ನು ಅಚ್ಚು ಹಾಕಿಸಿತು, ಅವರಿಗೆ ನಾಡೋಜ ಪದವಿಯನ್ನೂ ನೀಡಿತು. 2014ರ ಆಗಸ್ಟ್‌ನಲ್ಲಿ ಈರಮ್ಮ ತೀರಿಕೊಂಡರು. ಅಲೆಮಾರಿ ಬದುಕಿನಲ್ಲಿ ಮದುವೆ ಹೆಣ್ಣನ್ನು ಹಾಡಿನಿಂದ ಬೇರ್ಪಡಿಸಲಿಲ್ಲ, ತಂಗಿಯ ಪಕ್ಕದಲ್ಲೇ ನಾದಿನಿಯನ್ನೂ ತಂದು ಕೂರಿಸಿತು ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ಶಾಸ್ತ್ರೀಯ ಸಂಗೀತದಲ್ಲಿ

ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಗುರುಬಸವಯ್ಯ ಮತ್ತು ಗದಿಗಯ್ಯ ಎಂಬ ಅಣ್ಣತಮ್ಮಂದಿರಿಗೆ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಇಬ್ಬರಿಗೂ ಹಾಡಿನ ಗೀಳು. ಹಾನಗಲ್ಲು ಕುಮಾರ ಸ್ವಾಮಿಗಳು ಇವರನ್ನು ಕರೆದುಕೊಂಡು ಹೋಗಿ ಸಂಗೀತ ಕಲಿಸಿದರು. ಅಣ್ಣ ಬೇಗ ತೀರಿಕೊಂಡ. ತಮ್ಮನೇ ಮುಂದೆ ಗದಗಿನ ವೀರೇಶ್ವರ ಪುಣ್ಯಾಶ್ರಮ ಕಟ್ಟಿದ ಪಂಚಾಕ್ಷರಿ ಗವಾಯಿಗಳು (1892–1944). ಇಬ್ಬರೂ ಬದುಕಿ ಬೆಳೆದಿದ್ದರೆ ಉತ್ತರ ಕರ್ನಾಟಕಕ್ಕೆ ಒಂದು ಜೋಡಿ ಗಾಯನದ ಪರಂಪರೆಯೇ ಸಿಗುತ್ತಿತ್ತೇನೋ. ಮಲ್ಲಿಕಾರ್ಜುನ ಮನಸೂರರನ್ನು ಎಳೆ ವಯಸ್ಸಿನಲ್ಲಿ ರಂಗಭೂಮಿಗೆ ತಂದವರು ನಾಟಕ ಕಂಪನಿಯಲ್ಲಿದ್ದ ಅಣ್ಣ ಬಸವರಾಜ ಮನಸೂರರು. ಆದರೆ ಖಯಾಲ್ ಗಾಯನ ಮುಖ್ಯವಾಗಿ ಒಬ್ಬರ ಕಲ್ಪನೆಯ ಮೇಲೆ ನಿಂತಿರುವುದರಿಂದ ಧಾರವಾಡ ಸೀಮೆಯಲ್ಲಿ ಜೋಡಿ ಗಾಯನ ಬೇರೂರಲಿಲ್ಲ. ಹಿಂದೂಸ್ತಾನಿಯಲ್ಲಿ ಅಣ್ಣತಮ್ಮಂದಿರ ಜೋಡಿಗೆ ದೊಡ್ಡ ಹೆಸರು ತಂದದ್ದು ಧ್ರುಪದ, ಅದರಲ್ಲೂ ಡಾಗರ್ ಮನೆತನ.

ಕರ್ನಾಟಕ ಸಂಗೀತದಲ್ಲಿ ಚಿತ್ರ ಬೇರೆ. ಕೃತಿ ಮೊದಲೇ ಕಟ್ಟಿದ್ದು, ಇಬ್ಬರೂ ಒಂದೇ ಪಾಠದಲ್ಲಿ ಹಾಡಬಹುದು. ರಾಗಾಲಾಪನೆ, ಸ್ವರಕಲ್ಪನೆ ಬಂದಾಗ ಸರದಿಯಲ್ಲಿ ಹಂಚಿಕೊಳ್ಳಬಹುದು. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಂಡೆಯ ಮೇಲಿರುವ ರುದ್ರಪಟ್ಟಣ ಇದಕ್ಕೆ ಕರ್ನಾಟಕದ ಅತ್ಯುತ್ತಮ ಉದಾಹರಣೆ. ಸಂಕೇತಿ ಮನೆತನಗಳ ಈ ಪುಟ್ಟ ಊರಿನಿಂದ ಬಂದ ಸಂಗೀತಗಾರರು ಒಬ್ಬಿಬ್ಬರಲ್ಲ. ವಿದ್ವಾಂಸ ಕೃಷ್ಣಶಾಸ್ತ್ರಿಗಳ ಮಕ್ಕಳಲ್ಲಿ ಆರ್.ಕೆ. ವೆಂಕಟರಾಮಶಾಸ್ತ್ರಿ ಪಿಟೀಲು ಹಿಡಿದು ಚೌಡಯ್ಯನವರ ಶಿಷ್ಯರಾದರು. ಆರ್.ಕೆ. ನಾರಾಯಣಸ್ವಾಮಿ, ಆರ್.ಕೆ. ರಾಮನಾಥನ್, ಆರ್.ಕೆ. ಶ್ರೀಕಂಠನ್ ಹಾಡುಗಾರರಾದರು. ಶ್ರೀಕಂಠನ್ (1920–2014) ಅವರಿಗೆ ಗುರುವಾದವರು ಅಣ್ಣ ವೆಂಕಟರಾಮಶಾಸ್ತ್ರಿಗಳೇ. ಮೈಸೂರು, ಬೆಂಗಳೂರು ಆಕಾಶವಾಣಿಗಳಲ್ಲಿ ದಶಕಗಳ ಕಾಲ ದುಡಿದ ಶ್ರೀಕಂಠನ್, ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದರು. 2011ರಲ್ಲಿ ಪದ್ಮಭೂಷಣ ಬಂತು.

ಜೋಡಿಯಾಗಿ ವೇದಿಕೆಗೆ ಬಂದವರು ಮುಂದಿನ ತಲೆಮಾರಿನವರು. ನಾರಾಯಣಸ್ವಾಮಿಯವರ ಮಕ್ಕಳಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್ ‘ರುದ್ರಪಟ್ಣಂ ಸಹೋದರರು’ ಎಂದು ಹೆಸರಾದರು. ತಂದೆಯ ಬಳಿ ಕಲಿತ ಪಾಠ, ಚಿಕ್ಕಪ್ಪನ ಶುದ್ಧ ಉಚ್ಚಾರ, ಮನೆಯಲ್ಲಿ ಸದಾ ಕೇಳುತ್ತಿದ್ದ ಪಿಟೀಲು ಇವೆಲ್ಲ ಆ ಎರಡು ದನಿಗಳಲ್ಲಿ ಕೂಡಿಕೊಂಡಿದ್ದವು. ಈ ಮನೆತನಗಳ ಮನೆಮಾತು ಸಂಕೇತಿ, ಊರಮಾತು ಕನ್ನಡ. ತ್ಯಾಗರಾಜರಿಗಾಗಿ ತೆಲುಗು, ದೀಕ್ಷಿತರಿಗಾಗಿ ಸಂಸ್ಕೃತ, ದಾಸರ ಪದಕ್ಕೆ ಕನ್ನಡ. ಒಂದು ಸಂಜೆಯ ಕಛೇರಿಯಲ್ಲಿ ಹಲವು ಭಾಷೆಗಳನ್ನು ಮನೆಯದೆಂಬಂತೆ ಹಾಡುವುದು ಇಲ್ಲಿ ಸಹಜ ಸಂಗತಿ. ಅದೇ ಊರಿನ ಆರ್.ಕೆ. ಪದ್ಮನಾಭ ಅವರ ಶ್ರಮದಿಂದ ರುದ್ರಪಟ್ಟಣದಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಧ್ಯಾನ ಮಂದಿರ ಎದ್ದು ನಿಂತಿದೆ.

ಕರ್ನಾಟಕ ಸಂಗೀತದಲ್ಲಿ ಅಣ್ಣ ತಂಗಿಯ ಜೋಡಿ ಏಕೆ ಅಪರೂಪ ಎಂಬ ಪ್ರಶ್ನೆಗೆ ಉತ್ತರ ಶ್ರುತಿಯಲ್ಲಿದೆ. ಹಾರ್ಮೋನಿಯಂ ಲೆಕ್ಕದಲ್ಲಿ ಹೇಳುವುದಾದರೆ ಗಂಡು ದನಿಯ ಷಡ್ಜ ಸಾಮಾನ್ಯವಾಗಿ ಬಿಳಿ ಒಂದರ ಆಸುಪಾಸು, ಹೆಣ್ಣು ದನಿಯದು ಬಿಳಿ ಐದರ ಆಸುಪಾಸು. ತಂಬೂರಿ ಒಂದೇ, ಷಡ್ಜ ಒಂದೇ, ಇಬ್ಬರೂ ಹಾಡಬೇಕಾದ್ದು ಒಂದೇ ಸ್ವರ. ಹಾಗಾದಾಗ ಒಬ್ಬರು ಮಂದ್ರದಲ್ಲಿ ತಡವರಿಸುತ್ತಾರೆ ಅಥವಾ ಇನ್ನೊಬ್ಬರು ತಾರದಲ್ಲಿ ಕಷ್ಟಪಡುತ್ತಾರೆ. ಹುಡುಗನ ದನಿ ಒಡೆಯುವವರೆಗೆ ಅಕ್ಕ ತಮ್ಮ ಒಟ್ಟಿಗೆ ಪಾಠ ಹೇಳಿಸಿಕೊಳ್ಳುತ್ತಾರೆ. ಒಡೆದ ಮೇಲೆ ಶ್ರುತಿ ಬೇರೆ, ಪಾಠದ ಹೊತ್ತೂ ಬೇರೆ. ಹೀಗಾಗಿ ಕಛೇರಿಯ ಜೋಡಿಗಳು ಅಣ್ಣತಮ್ಮ ಇಲ್ಲವೇ ಅಕ್ಕತಂಗಿಯರೇ ಆಗಿರುವುದು ಹೆಚ್ಚು. ಅಕ್ಕತಂಗಿಯರ ಜೋಡಿಗೆ ಮದುವೆಯ ಅಡ್ಡಿಯೂ ಸೇರಿಕೊಳ್ಳುತ್ತದೆ. ಐವತ್ತು ವರ್ಷಕ್ಕೂ ಮಿಕ್ಕಿ ಒಟ್ಟಿಗೆ ಹಾಡಿದ ಬಾಂಬೆ ಸಿಸ್ಟರ್ಸ್ ಸರೋಜಾ ಮತ್ತು ಲಲಿತಾ ಅವರ ಸಾಧನೆ ದೊಡ್ಡದೆನಿಸುವುದು ಅದಕ್ಕೇ.

ಹೊರದೇಶಗಳಲ್ಲಿ

ಯುರೋಪಿನ ಹಾಡುಗಾರಿಕೆ ಈ ಶ್ರುತಿಯ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿತು. ಹೆಣ್ಣಿನ ಮೇಲುದನಿ, ಕೆಳದನಿ, ಗಂಡಿನ ಮೇಲುದನಿ, ಕೆಳದನಿ ಎಂದು ನಾಲ್ಕು ಭಾಗ ಮಾಡಿ ಒಂದೇ ಗಳಿಗೆಯಲ್ಲಿ ನಾಲ್ಕು ಸ್ವರ ಹಾಡಿಸುವ ಕ್ರಮದಲ್ಲಿ ಮನೆಯ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಜಾಗವಿದೆ. ಆಸ್ಟ್ರಿಯದ ಟಿರೋಲ್ ಬೆಟ್ಟಸೀಮೆಯ ರೈನರ್ ಒಡಹುಟ್ಟಿದವರು 1820ರ ದಶಕದಲ್ಲೇ ತಮ್ಮ ಕಣಿವೆಯ ಹಾಡುಗಳನ್ನು ಹಿಡಿದು ಯುರೋಪ್ ಸುತ್ತಿದರು. ಅದೇ ಹೆಸರಿನ ಇನ್ನೊಂದು ತಂಡ 1839ರಲ್ಲಿ ಅಮೆರಿಕಕ್ಕೆ ಹೋಯಿತು. ಅವರನ್ನು ಕಂಡು ಹುರುಪುಗೊಂಡ ನ್ಯೂ ಹ್ಯಾಂಪ್‌ಶೈರಿನ ಹಚಿನ್‌ಸನ್ ಮನೆಯ ಮಕ್ಕಳು ಗುಲಾಮಗಿರಿಯ ವಿರುದ್ಧ ಹಾಡುತ್ತ ಊರೂರು ತಿರುಗಿದರು. ಇಂಗ್ಲೆಂಡಿನಲ್ಲಿ 1898ರಲ್ಲಿ ಜನಪದ ಗೀತೆಗಳ ಸಂಘ ಹುಟ್ಟಿದ ಹೊತ್ತಿಗೆ ಸಸೆಕ್ಸ್‌ನ ರಾಟಿಂಗ್‌ಡೀನ್ ಹಳ್ಳಿಯ ಜೇಮ್ಸ್ ಮತ್ತು ಥಾಮಸ್ ಕಾಪರ್ ಎಂಬ ಅಣ್ಣತಮ್ಮಂದಿರಿಂದ ಹಾಡುಗಳನ್ನು ಬರೆದುಕೊಳ್ಳಲಾಯಿತು. ಆ ಮನೆಯವರು ಇಂದಿಗೂ ಹಾಡುತ್ತಿದ್ದಾರೆ.

ನಾನಾ ದೇಶಗಳ ಹಾಡುಗಳನ್ನು ಒಂದೇ ಮನೆಯ ಮಕ್ಕಳು ಹಾಡಿದ ಬಹು ಪ್ರಸಿದ್ಧ ಕುಟುಂಬ ಆಸ್ಟ್ರಿಯದ ಫಾನ್ ಟ್ರಾಪ್ ಅವರದು. ಹೆಂಡತಿಯನ್ನು ಕಳೆದುಕೊಂಡ ನೌಕಾದಳದ ಅಧಿಕಾರಿ ಗೆಯೋರ್ಗ್ ಅವರ ಏಳು ಮಕ್ಕಳು, 1926ರಲ್ಲಿ ಆ ಮನೆಗೆ ಬಂದ ಮರಿಯಾ, ಆಮೇಲೆ ಹುಟ್ಟಿದ ಮೂವರು ಸೇರಿ ಅದೊಂದು ಮೇಳವೇ ಆಯಿತು. ಪಾದ್ರಿ ಫ್ರಾಂಝ್ ವಾಸ್ನರ್ ಅದನ್ನು ತಿದ್ದಿ ನಡೆಸಿದರು. 1938ರಲ್ಲಿ ನಾಜಿಗಳ ಕೈಗೆ ಸಿಕ್ಕ ದೇಶ ಬಿಟ್ಟು ಅಮೆರಿಕ ಸೇರಿ, ವರ್ಮಾಂಟಿನ ಸ್ಟೋ ಎಂಬಲ್ಲಿ ನೆಲೆಸಿ, 1950ರ ದಶಕದವರೆಗೆ ಚರ್ಚಿನ ಸಂಗೀತವನ್ನೂ ಹಲವು ನಾಡುಗಳ ಜನಪದ ಗೀತೆಗಳನ್ನೂ ಹಾಡುತ್ತ ದೇಶದೇಶ ಸುತ್ತಿದರು. 1965ರ ‘ದಿ ಸೌಂಡ್ ಆಫ್ ಮ್ಯೂಸಿಕ್’ ಚಿತ್ರದಿಂದ ಈ ಕಥೆ ಎಲ್ಲರಿಗೂ ಗೊತ್ತು. ಆದರೆ ಚಿತ್ರದಲ್ಲಿ ಕೇಳುವ ಪ್ರಸಿದ್ಧ ಹಾಡುಗಳು ರಂಗನಾಟಕಕ್ಕೂ ಚಿತ್ರಕ್ಕೂ ಹೊಸದಾಗಿ ಬರೆದವು, ಆ ಮನೆಯವರು ಹಾಡುತ್ತಿದ್ದ ಹಾಡುಗಳಲ್ಲ.

ಸುಗಮ ಸಂಗೀತ ಮತ್ತು ಅನಂತಸ್ವಾಮಿ ಮನೆತನ

ಕನ್ನಡದಲ್ಲಿ ಅಣ್ಣನೂ ತಂಗಿಯರೂ ಒಟ್ಟಿಗೆ ವೇದಿಕೆಗೆ ಬರಲು ಅನುವು ಮಾಡಿಕೊಟ್ಟದ್ದು ಸುಗಮ ಸಂಗೀತ. ಇಲ್ಲಿ ಪಲ್ಲವಿಯನ್ನು ಎಲ್ಲರೂ ಕೂಡಿ ಹಾಡಿ, ಚರಣಗಳನ್ನು ದನಿಗೆ ತಕ್ಕಂತೆ ಹಂಚಿಕೊಳ್ಳಬಹುದು. ಮೈಸೂರು ಅನಂತಸ್ವಾಮಿ (1936–1995) ಹಾರ್ಮೋನಿಯಂ ಮುಂದೆ ಕೂತು ಕುವೆಂಪು, ಬೇಂದ್ರೆ, ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳಿಗೆ ರಾಗ ಕಟ್ಟಿದರು. ಕೆ.ಎಸ್. ನಿಸಾರ್ ಅಹಮದ್ ಅವರ ಗೀತೆಗಳ ‘ನಿತ್ಯೋತ್ಸವ’ 1978ರಲ್ಲಿ ಅವರ ಸ್ವರ ಸಂಯೋಜನೆಯಲ್ಲಿ ಹೊರಬಂತು. ಅದು ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್. ಅವರ ಮಕ್ಕಳಾದ ರಾಜು, ಸುನೀತಾ, ಅನಿತಾ ಮೂವರೂ ಹಾಡುಗಾರರು. ರಾಜು ಅನಂತಸ್ವಾಮಿ ಹಲವು ವಾದ್ಯಗಳನ್ನು ನುಡಿಸುತ್ತಿದ್ದ, ತಾವೇ ರಾಗ ಸಂಯೋಜಿಸುತ್ತಿದ್ದ ಪ್ರತಿಭಾವಂತ. 2009ರ ಜನವರಿಯಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ ತೀರಿಹೋದರು. ಕನ್ನಡ ಸುಗಮ ಸಂಗೀತಕ್ಕೆ ಆದ ಆ ನಷ್ಟ ಇನ್ನೂ ತುಂಬಿಲ್ಲ.

ಭಾವಗೀತೆ ಹೊಸ ಕವಿತೆ, ಪರಂಪರೆಯ ಹಾಡಲ್ಲ ಎಂದು ಇದನ್ನು ಈ ಲೇಖನದಿಂದ ಹೊರಗಿಡುವುದು ಸರಿಯಾಗದು. ಮನೆಯಿಂದ ಮನೆಗೆ ಬಾಯಿಂದ ಬಾಯಿಗೆ ಹರಡುವ ಗುಣ ಅದಕ್ಕೆ ಒಂದೇ ತಲೆಮಾರಿನಲ್ಲಿ ಬಂದುಬಿಟ್ಟಿದೆ. ಕುವೆಂಪು ಅವರ ನಾಡಗೀತೆಯನ್ನು ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2024ರಲ್ಲಿ ತಳ್ಳಿಹಾಕಿತು.

ಪಶ್ಚಿಮ ಬೆಂಗಳೂರಿನಲ್ಲಿ

ಬೆಂಗಳೂರಿನ ಪಶ್ಚಿಮಕ್ಕೆ ಮೂರು ಹಳೆಯ ರಸ್ತೆಗಳು ಬಂದು ಸೇರುತ್ತವೆ. ಈ ಭಾಗದ ಹಾಡಿನ ಸಂಪತ್ತು ಬಹುಪಾಲು ಆ ರಸ್ತೆಗಳಲ್ಲೇ ಬಂದದ್ದು. ತುಮಕೂರು ರಸ್ತೆಯಿಂದ ಶಿರಾ ಸೀಮೆಯ ಗೊಲ್ಲರ ಜುಂಜಪ್ಪನ ಕಾವ್ಯ, ಭಜನೆಯ ಪದ. ಮಾಗಡಿ ರಸ್ತೆಯಿಂದ ಕುಣಿಗಲ್, ಎಡೆಯೂರು ಕಡೆಯ ತತ್ವಪದ. ಮೈಸೂರು ರಸ್ತೆಯಿಂದ, ಕೆಂಗೇರಿಯನ್ನು ಹಾದು, ಮಂಡ್ಯ ಮಳವಳ್ಳಿಯ ಸೋಬಾನೆ, ಮಂಟೇಸ್ವಾಮಿ, ಮಾದಪ್ಪನ ಪದ. ರಾಜಾಜಿನಗರ 1949ರಲ್ಲಿ ರೂಪುಗೊಳ್ಳತೊಡಗಿದ ಬಡಾವಣೆ. ಆಗ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರು ಅದಕ್ಕೆ. ಕೈಗಾರಿಕಾ ವಸಾಹತು, ಗಿರಣಿ, ಸರ್ಕಾರಿ ಕಚೇರಿಗಳ ಕೆಲಸಕ್ಕೆಂದು ಈ ಮೂರು ದಿಕ್ಕಿನ ಊರುಗಳಿಂದ ಬಂದವರು ಇಲ್ಲಿಯೂ ವಿಜಯನಗರ, ಬಸವೇಶ್ವರನಗರಗಳಲ್ಲಿಯೂ ಮನೆ ಮಾಡಿದರು. ವಿಜಯನಗರ ಹಳೆಯ ಹೊಸಹಳ್ಳಿಯ ಸುತ್ತ ಬೆಳೆದದ್ದು.

ಈ ಬಡಾವಣೆಗಳಲ್ಲಿ ಒಡಹುಟ್ಟಿದವರ ಹಾಡುಗಾರಿಕೆ ಮೊದಲು ಕೇಳಿಸುವುದು ನವರಾತ್ರಿಯಲ್ಲಿ. ಗೊಂಬೆ ಕೂರಿಸಿದ ಮನೆಗೆ ಅರಿಶಿನ ಕುಂಕುಮಕ್ಕೆಂದು ತಾಯಿ ಮಕ್ಕಳನ್ನು ಕರೆದುಕೊಂಡು ಹೋಗುತ್ತಾಳೆ. ‘ಒಂದು ಹಾಡು ಹೇಳ್ರೋ’ ಎಂದು ಮನೆಯ ಅಜ್ಜಿ ಕೇಳುತ್ತಾರೆ. ಅಕ್ಕ ಶ್ರುತಿ ಹಿಡಿದು ದೇವರನಾಮ ಶುರು ಮಾಡುತ್ತಾಳೆ. ನಾಚಿಕೊಂಡು ಅವಳ ಹಿಂದೆ ನಿಂತ ತಮ್ಮ ಎರಡನೆಯ ಸಾಲಿಗೆ ದನಿ ಸೇರಿಸುತ್ತಾನೆ, ಅನುಪಲ್ಲವಿಯಲ್ಲಿ ಸಾಹಿತ್ಯ ಮರೆತು ಅಕ್ಕನ ತುಟಿ ನೋಡುತ್ತಾನೆ. ಹಾಡು ಮುಗಿದ ಮೇಲೆ ಕೈಗೆ ಕಡಲೆಕಾಳು ಉಸುಲ್ಲಿಯ ದೊನ್ನೆ. ಸಂಗೀತದ ಮೇಷ್ಟರ ಬಳಿ ಕಲಿಯದ ಎಷ್ಟೋ ಮನೆಗಳ ಮಕ್ಕಳಿಗೂ ಇದೇ ಮೊದಲ ವೇದಿಕೆ. ರಾಮನವಮಿ ಬಂದರೆ ಪಕ್ಕದ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಮೈದಾನದಲ್ಲಿ ಶ್ರೀರಾಮ ಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ಸಂಗೀತೋತ್ಸವ ಈ ಭಾಗದವರಿಗೆ ನಡೆದೋ ಬಸ್ಸಿನಲ್ಲೋ ಹೋಗಬಹುದಾದಷ್ಟು ಹತ್ತಿರ. ದೊಡ್ಡ ದೊಡ್ಡ ಸಹೋದರ ಜೋಡಿಗಳನ್ನು ಟಿಕೆಟ್ಟಿಲ್ಲದೆ ಹೊರಗೆ ನಿಂತು ಕೇಳಿದ ತಲೆಮಾರೇ ಇಲ್ಲಿದೆ.

ಬೇರೆ ನಾಡುಗಳ ಹಾಡೂ ಈ ಭಾಗಕ್ಕೆ ಬಂದಿದೆ. 1997ರಲ್ಲಿ ರಾಜಾಜಿನಗರದ ಗುಡ್ಡದ ಮೇಲೆ ಇಸ್ಕಾನ್ ಮಂದಿರ ತೆರೆದ ಮೇಲೆ ಬಂಗಾಳದ ಕೀರ್ತನೆಯ ಧಾಟಿ ಸುತ್ತಲಿನ ಮಕ್ಕಳ ಕಿವಿಗೆ ಬಿತ್ತು. ಅದಕ್ಕೂ ಮೊದಲು ಹಲವು ಭಾಷೆಗಳ ಹಾಡನ್ನು ಮಕ್ಕಳ ಬಾಯಿಗೆ ತಂದವರು ಬೆಂಗಳೂರಿನಲ್ಲೇ ಹುಟ್ಟಿದ ಗಾಂಧಿವಾದಿ ಎಸ್.ಎನ್. ಸುಬ್ಬರಾವ್ (1929–2021). ರಾಷ್ಟ್ರೀಯ ಯುವ ಯೋಜನೆಯ ಶಿಬಿರಗಳಲ್ಲಿ ತಾವೇ ಹಾಡಿ ಹಾಡಿಸುತ್ತಿದ್ದ ಅವರ ‘ಭಾರತ್ ಕೀ ಸಂತಾನ್’ ಎಂಬ ಕಾರ್ಯಕ್ರಮದಲ್ಲಿ ಮಕ್ಕಳು ಒಂದೊಂದು ರಾಜ್ಯದ ಉಡುಗೆ ತೊಟ್ಟು, ದೇಶದ ಒಂದೊಂದು ಭಾಷೆಯಲ್ಲಿ ಹಾಡುತ್ತ ಬರುತ್ತಾರೆ. ಶಿಬಿರಕ್ಕೆ ಹೋದ ದೊಡ್ಡ ಮಗು ಕಲಿತು ಬಂದದ್ದನ್ನು ಮನೆಯ ಚಿಕ್ಕವರಿಗೆ ಹೇಳಿಕೊಡುವುದು ಸಹಜ. ಅಸ್ಸಾಮಿಯೋ ಪಂಜಾಬಿಯೋ ಹಾಡಿನ ಅರ್ಥ ಗೊತ್ತಿಲ್ಲದಿದ್ದರೂ ಧಾಟಿ ಗಟ್ಟಿಯಾಗಿ ನಿಲ್ಲುತ್ತದೆ.

ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲೇ ಮುಂದೆ ಹೋದರೆ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು 1994ರಲ್ಲಿ ಕಟ್ಟಿದ ಜಾನಪದ ಲೋಕ ಸಿಗುತ್ತದೆ. ಪಶ್ಚಿಮ ಬೆಂಗಳೂರಿನ ಮಕ್ಕಳಿಗೆ ತಮ್ಮ ಅಜ್ಜಿಯರು ಹಾಡುತ್ತಿದ್ದ ಪದವನ್ನು ಬಲ್ಲವರ ಬಾಯಿಂದಲೇ ಕೇಳಲು ಇರುವ ಅತ್ಯಂತ ಹತ್ತಿರದ ಜಾಗ ಇದು. ಬೀಸುಕಲ್ಲು, ಒನಕೆಗಳನ್ನು ಅಲ್ಲಿ ನೋಡಬಹುದು. ಇಬ್ಬರು ಎದುರುಬದುರು ಕೂತು ಹಾಡುವ ಕ್ರಮವನ್ನು ಮಕ್ಕಳಿಗೆ ಕಲಿಸುವ ಶಿಬಿರಗಳು ಹೆಚ್ಚಾದರೆ ಒಳ್ಳೆಯದು.

ಹೊಸ ತಲೆಮಾರು

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಮತ್ತು ವಾಸು ದೀಕ್ಷಿತ್ ಅಣ್ಣತಮ್ಮಂದಿರು ಶಿಶುನಾಳ ಶರೀಫರ ಪದ, ಜನಪದ ಗೀತೆಗಳನ್ನು ಗಿಟಾರು, ಪಿಟೀಲು, ಡ್ರಮ್ಮಿನೊಡನೆ ಬೇರೆ ಬೇರೆ ತಂಡಗಳಲ್ಲಿ ಹಾಡುತ್ತಾರೆ. ರಘು ಅವರ ತಂಡ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. ವಾಸು ಬೆಂಗಳೂರಿನ ‘ಸ್ವರಾತ್ಮ’ ತಂಡದ ಮುಖ್ಯ ಗಾಯಕ. ಒಂದೇ ಮನೆಯಿಂದ ಎರಡು ತಂಡ ಹುಟ್ಟಿದ್ದು ಇಲ್ಲಿನ ಹೊಸತನ. ಹಿಂದೆ ಒಂದೇ ತಂಬೂರಿಯ ಮುಂದೆ ಕೂರಬೇಕಿದ್ದ ಅಣ್ಣತಮ್ಮಂದಿರು ಈಗ ತಮತಮಗೆ ಒಪ್ಪುವ ವಾದ್ಯಮೇಳ ಕಟ್ಟಿಕೊಳ್ಳುತ್ತಾರೆ.

ವಿದೇಶಕ್ಕೆ ಹೋದ ಕನ್ನಡ ಮನೆಗಳಲ್ಲಿ ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಗಳೇ ಅಕ್ಕ ತಮ್ಮ ಜೊತೆಗೂಡಿ ಹಾಡುವ ಸಂದರ್ಭ. ಅಲ್ಲಿನ ಶಾಲೆಯ ವೃಂದಗಾನದಲ್ಲಿ ಬೇರೆ ಬೇರೆ ಸ್ವರ ಹಿಡಿಯುವುದನ್ನು ಕಲಿತ ಮಕ್ಕಳು ದೇವರನಾಮಕ್ಕೂ ಒಂದು ಕೆಳದನಿ ಸೇರಿಸಿ ಹಾಡಬಲ್ಲರು. ರಾಗಕ್ಕೆ ಭಂಗ ಬರದಂತೆ ಅದನ್ನು ಮಾಡಲು ಸಾಧ್ಯವಾದರೆ ದನಿ ಒಡೆದ ಅಣ್ಣನೂ ತಂಗಿಯೂ ಮತ್ತೆ ಒಂದೇ ಹಾಡನ್ನು ಹಾಡಬಹುದು. ತೋಡಿ, ವರಾಳಿಯಂಥ ಗಮಕ ತುಂಬಿದ ರಾಗಗಳಲ್ಲಿ ಇದು ಕಷ್ಟ. ಗಮಕ ಹಗುರವಾಗಿರುವ ಶಂಕರಾಭರಣದ ನೊಟ್ಟುಸ್ವರಗಳಲ್ಲಿ ಸುಲಭ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದ ಆ ಪುಟ್ಟ ರಚನೆಗಳನ್ನು ಮಕ್ಕಳಿಗೆ ಮೊದಮೊದಲ ಪಾಠವಾಗಿ ಹೇಳಿಕೊಡುವ ಗುರುಗಳು ಬೆಂಗಳೂರಿನಲ್ಲೂ ಇದ್ದಾರೆ.